ಜೇಬಿಗೊಂದು ಮಲ್ಟಿಟೂಲ್: ಯಾವುದು ಕೊಳ್ಳಲಿ?

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇನೆ. ದಿನಬಳಕೆಗೂ ಮೊಲೆಂ ಕಾಡಿನ ಚಾರಣಕ್ಕೂ ಒದಗುವ, ಕಡಿಮೆ ಬೆಲೆಯ ಮಲ್ಟಿಟೂಲ್ ಆರಿಸುವುದು ಹೇಗೆ?

ಉತ್ತರ: ಮೊದಲು ನಿಮ್ಮ ಕೆಲಸ ಯಾವುದೆಂದು ನೋಡಿ. ಹಗ್ಗ, ಹಣ್ಣು, ಪೊಟ್ಟಣ ಕತ್ತರಿಸಲು ಸ್ವಿಸ್ ಮಾದರಿಯ ಹಗುರವಾದ ಮಡಚುವ ಚಾಕು ಸಾಕು. ಬೈಕಿನ ನಟ್ಟು, ತಂತಿಯ ಕೆಲಸವೂ ಇದ್ದರೆ, 1983ರಲ್ಲಿ ಅಮೆರಿಕದ ಟಿಮ್ ಲೆದರ್‌ಮನ್ ಮಾರುಕಟ್ಟೆಗೆ ತಂದಂಥ ಇಕ್ಕಳವಿರುವ ಮಾದರಿಯೇ ಬೇಕು.

ಗೋವಾದಲ್ಲಿ ಉಪಕರಣವನ್ನು ಕೆಡಿಸುವುದು ಉಪ್ಪುಗಾಳಿ. ಸ್ಟೇನ್‌ಲೆಸ್ ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಈ ಪದರವನ್ನು ಅಲ್ಲಲ್ಲಿ ಭೇದಿಸುತ್ತದೆ. ಹೀಗಾಗಿ ಸ್ಟೇನ್‌ಲೆಸ್ ಆದರೂ, ಕಡಲತೀರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಡಿ.

ಉಪಕರಣಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಇಕ್ಕಳವನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ, ತುದಿಯಲ್ಲಿ ಸಂದು ಕಾಣಬಾರದು. ತೆರೆದ ಅಲಗು ಅಲ್ಲಾಡಬಾರದು. ಸ್ಕ್ರೂಡ್ರೈವರಿನ ತುದಿ ನಿಮ್ಮ ಮನೆಯ ಸ್ಕ್ರೂಗಳಿಗೆ ಸರಿಹೊಂದಬೇಕು.

ವಿಮಾನದಲ್ಲಿ ಊರಿಗೆ ಹೊರಟಾಗ ಮಲ್ಟಿಟೂಲನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ. ಒಟ್ಟಿನಲ್ಲಿ, ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಈ ಮೂರೂ ಗಟ್ಟಿಯಾಗಿರುವ ಸರಳ ಮಾದರಿಯನ್ನೇ ಕೊಳ್ಳಿ.