ಸಂತೆಗೆ ಜೊತೆಗೊಬ್ಬರು ಬೇಕು

ಎತ್ತು ಕೊಳ್ಳುವ ಮಾತು ಬಂದಾಗ ನಮ್ಮ ಮನೆಯಲ್ಲಿ ದುಡ್ಡು ಹೊಂದಿಸುವುದಕ್ಕೂ ಮೊದಲು ಜೊತೆಗೆ ಯಾರು ಅನ್ನುವುದು ನಿಕ್ಕಿಯಾಗಬೇಕಿತ್ತು. ಊರಲ್ಲೊಬ್ಬ ಹಿರಿಯರಿದ್ದರು. ಅವರು ಬರುತ್ತೇನೆ ಅನ್ನುವ ತನಕ ದೊಡ್ಡಪ್ಪ ಹೊಸಿಲು ದಾಟುತ್ತಿರಲಿಲ್ಲ. ದನದ ಸಂತೆಯಲ್ಲಿ ಆ ಹಿರಿಯರು ಮೊದಲ ಒಂದು ತಾಸು ಬಾಯಿಯೇ ಬಿಡುತ್ತಿರಲಿಲ್ಲ. ಸಾಲಿನುದ್ದಕ್ಕೂ ಒಂದು ಸುತ್ತು ಹಾಕುವರು. ಕಣ್ಣಿಗೆ ಬಿದ್ದ ಜೋಡಿಯ ಹತ್ತಿರವೂ ನಿಲ್ಲದೆ ಮುಂದೆ ಹೋಗಿ, ಎರಡನೆಯ ಸುತ್ತಿನಲ್ಲಿ ಬಂದು ಎತ್ತಿನ ತುಟಿ ಸರಿಸುವರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು: ಹಾಲುಹಲ್ಲು ಉದುರಿ ಬಂದ ದೊಡ್ಡ ಹಲ್ಲುಗಳ ಲೆಕ್ಕವೇ ಎತ್ತಿನ ಜಾತಕ. ಎರಡು ಹಲ್ಲೆಂದರೆ ಸುಮಾರು ಎರಡೂವರೆ ವರ್ಷ, ಎಂಟೂ ಬಂದರೆ ನಾಲ್ಕೂವರೆ, ಐದು. ಆಮೇಲೆ ಸುಳಿ, ಗೊರಸು. ಕೊನೆಗೆ ಹತ್ತು ಹೆಜ್ಜೆ ನಡೆಸಿ, ಹಿಂದಿನಿಂದ ನಿಂತು ನೋಡುವುದು.

ಇಷ್ಟಾದ ಮೇಲೆ ದಲ್ಲಾಳಿ ಬರುತ್ತಿದ್ದ. ಹೆಗಲ ಮೇಲಿನ ಟವೆಲ್ ಕೈಮೇಲೆ ಇಳಿಯುತ್ತಿತ್ತು. ಅದರಡಿ ದೊಡ್ಡಪ್ಪನ ಬೆರಳು ಹಿಡಿದು ‘ಇದು ಸಾವಿರ, ಇದು ನೂರು’ ಅನ್ನುವನು. ಎಷ್ಟು ಸಾವಿರ, ಎಷ್ಟು ನೂರು ಅನ್ನುವುದು ಮಾತ್ರ ಬೆರಳಿಗೇ ಗೊತ್ತು. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಅವರಿಬ್ಬರ ನಡುವೆಯೇ ಇರುತ್ತಿತ್ತು. ಚಿಕ್ಕವನಾಗಿದ್ದಾಗ ನನಗದು ಜಾದೂ ಅನ್ನಿಸುತ್ತಿತ್ತು. ಅದರ ವಿವೇಕ ತಿಳಿದದ್ದು ದೊಡ್ಡವನಾದ ಮೇಲೆ. ಒಬ್ಬ ಕೇಳಿ ಬಿಟ್ಟುಹೋದ ಬೆಲೆ ಸಂತೆಗೆಲ್ಲ ಗೊತ್ತಾದರೆ ಮುಂದಿನ ಗಿರಾಕಿ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಕಷ್ಟಕ್ಕೆ ಸಿಕ್ಕಿ ಎತ್ತು ಮಾರಲು ಬಂದ ರೈತನ ಮರ್ಯಾದೆಯೂ ಆ ಟವೆಲ್ಲಿನ ಅಡಿಯಲ್ಲೇ ಇತ್ತು.

ಅಪಾಯವೂ ಅಲ್ಲೇ ಇತ್ತು. ಮಾರುವವನು ಒತ್ತಿದ ಬೆರಳು, ಕೊಳ್ಳುವವನು ಒತ್ತಿದ ಬೆರಳು ಎರಡನ್ನೂ ಬಲ್ಲವನು ದಲ್ಲಾಳಿ ಒಬ್ಬನೇ. ನಡುವೆ ಎಷ್ಟು ಅಂತರವಿದೆ, ಅದರಲ್ಲಿ ಎಷ್ಟು ಅವನ ಕಿಸೆಗೆ ಅನ್ನುವುದು ಉಳಿದಿಬ್ಬರಿಗೂ ಕಾಣದು. ಊರಿನ ಹಿರಿಯರು ಜೊತೆಗೆ ಬೇಕಾಗುತ್ತಿದ್ದದ್ದು ಇದಕ್ಕೇ. ದಲ್ಲಾಳಿ ವ್ಯಾಪಾರ ಕುದುರಿಸುತ್ತಾನೆ. ಕುದುರಬಾರದ ವ್ಯಾಪಾರದಿಂದ ತೋಳು ಹಿಡಿದು ಎಳೆದುಕೊಂಡು ಬರುವವನು ಜೊತೆಗಾರ.

‘ದಲ್ಲಾಳಿ’ ಅರಬ್ಬಿಯಿಂದ ಬಂದ ಮಾತು. ಅದರ ಮೂಲದಲ್ಲಿರುವ ಅರ್ಥ ದಾರಿ ತೋರುವುದು. ಅರಬ್ಬಿಯಲ್ಲಿ ಮಾರ್ಗದರ್ಶಿಗೆ ‘ದಲೀಲ್’ ಅನ್ನುವುದೂ ಅದೇ ಧಾತುವಿನಿಂದ. ಈ ಪದ ಬೇರುಬಿಟ್ಟ ಇನ್ನೊಂದು ನಾಡು ಮೊರಾಕ್ಕೊ. ಅಲ್ಲಿ ಸಂತೆಗೆ ‘ಸೂಕ್’. ಹಳ್ಳಿಗಾಡಿನ ಸೂಕ್ ನಮ್ಮದರಂತೆಯೇ ವಾರಕ್ಕೊಮ್ಮೆ. ವಾರದ ಹೆಸರೇ ಊರಿಗೆ ಅಂಟಿಕೊಂಡದ್ದೂ ಉಂಟು. ಸೂಕ್ ಅಲ್ ಅರ್ಬಾ ಅಂದರೆ ಬುಧವಾರದ ಸಂತೆ. 1981ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಫೆಜ್, 1985ರಲ್ಲಿ ಸೇರಿದ ಮರಾಕೇಶ್, ಈ ಎರಡು ಊರುಗಳ ಹಳೇಪೇಟೆಯ ಗಲ್ಲಿಗಳಲ್ಲಿ ಹೊಸಬರು ದಾರಿ ತಪ್ಪುವುದು ಖಂಡಿತ. ಹಾಗಾಗಿ ಕೊಳ್ಳಲು ಹೋಗುವ ಪ್ರವಾಸಿಗರು ಸರ್ಕಾರದ ಪರವಾನಗಿ ಇರುವ ಮಾರ್ಗದರ್ಶಿಯನ್ನು ಕರೆದುಕೊಂಡು ಹೋಗುತ್ತಾರೆ. ಹಾಗೆ ಕರೆದೊಯ್ದವನಿಗೆ ಅಂಗಡಿಯವನಿಂದ ಪಾಲು ಸಲ್ಲುವುದೂ, ಆ ಪಾಲು ಬೆಲೆಯೊಳಗೇ ಸೇರಿರುವುದೂ ಅಲ್ಲಿ ಹಳೆಯ ರೂಢಿ. ಅಲ್ಲಿಯ ‘ದಲ್ಲಾಲ್’ ಮಾತ್ರ ಬೇರೆ ಬಗೆಯವನು. ರತ್ನಗಂಬಳಿಯನ್ನೋ ತೊಗಲನ್ನೋ ಹೆಗಲ ಮೇಲೆ ಹೊತ್ತು ಅಂಗಡಿಯಿಂದ ಅಂಗಡಿಗೆ ನಡೆಯುತ್ತ, ಕೊನೆಗೆ ಕೇಳಿದ ಬೆಲೆಯನ್ನು ಕೂಗುತ್ತ ಹೋಗುತ್ತಾನೆ. ಒಂದೇ ಹೆಸರು ಹೊತ್ತ ಇಬ್ಬರಲ್ಲಿ ಒಬ್ಬ ಬೆಲೆಯನ್ನು ಬಟ್ಟೆಯಡಿ ಮುಚ್ಚಿಡುತ್ತಾನೆ, ಇನ್ನೊಬ್ಬ ಬೀದಿಯಲ್ಲಿ ಸಾರುತ್ತಾನೆ.

ನಮ್ಮಲ್ಲೂ 1966ರ ಕೃಷಿ ಮಾರುಕಟ್ಟೆ ಕಾಯ್ದೆ ಬಹಿರಂಗ ಹರಾಜು, ಟೆಂಡರ್ ಅನ್ನುವ ಕಡೆಗೇ ವಾಲಿತು. ರೈತನಿಗೆ ಅದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಆದರೆ ಮಾಲು ಬಲ್ಲ ಕಣ್ಣನ್ನು ಯಾವ ಕಾಯ್ದೆಯೂ ಕೊಡಲಾರದು.

ಆ ಕಣ್ಣು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ದಾವಣಗೆರೆಯನ್ನೇ ನೋಡಿ, 1997ರಲ್ಲಿ ಅದು ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಒಂದು ಕಡೆ ತುಂಗಭದ್ರೆಯ ದಡದ ಭತ್ತ, ಇನ್ನೊಂದು ಕಡೆ ಮಳೆ ಕಾಯುವ ಎರೆಹೊಲ. ಸಂತೆಯ ಮಾಲು ಒಂದೇ ಆಗುವುದಾದರೂ ಹೇಗೆ?

ಚನ್ನಗಿರಿಯಲ್ಲಿ ಅಡಿಕೆಯದೇ ಮಾತು. ಪತ್ರಿಕೆ ಬಿಡಿಸಿದರೆ ಮೊದಲು ‘ರಾಶಿ’ ಅಡಿಕೆಯ ಧಾರಣೆ ನೋಡುವ ಊರದು. ಖೇಣಿದಾರ ತೋಟಕ್ಕೆ ಬಂದು ಕತ್ತೆತ್ತಿ ಗೊನೆ ನೋಡಿ, ಇನ್ನೂ ಮರದಲ್ಲಿರುವ ಫಸಲಿಗೆ ಬೆಲೆ ಕಟ್ಟುತ್ತಾನೆ. ಆಗ ತೋಟದವನ ಪಕ್ಕದಲ್ಲೂ ಅಷ್ಟೇ ಚೆನ್ನಾಗಿ ಗೊನೆ ಎಣಿಸಬಲ್ಲವರೊಬ್ಬರು ನಿಂತಿರಬೇಕು. ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದ ಮೇಲೆ ಪರೀಕ್ಷೆ ಬೇರೆ. ಹಿಡಿ ತುಂಬ ಅಡಿಕೆ ತೆಗೆದು ಕುಲುಕಿದರೆ ಚೆನ್ನಾಗಿ ಒಣಗಿದ್ದು ಖಣಖಣ ಅನ್ನುತ್ತದೆ. ಅಡಕತ್ತರಿಯಲ್ಲಿ ಸೀಳಿದರೆ ಒಳಗಿನ ಬಣ್ಣ ತಿಳಿಯುತ್ತದೆ. ಒಬ್ಬೊಬ್ಬ ರೈತನೂ ಇಂಥ ಕಣ್ಣು ಹುಡುಕಿಕೊಂಡು ಅಲೆಯುವ ಕಷ್ಟವನ್ನು ಕಡಿಮೆ ಮಾಡಿದ್ದು ತುಮ್ಕೋಸ್‌ನಂಥ ಸಹಕಾರ ಸಂಘ. ಬೆಳೆಗಾರರೇ ಸದಸ್ಯರಾದ ಸಂಘ ಬೆಳೆಗಾರನ ಪರವಾಗಿ ಮಾರುವುದೆಂದರೆ ಆ ಹಳೆಯ ಜೊತೆಗಾರನೇ ಸಂಸ್ಥೆಯಾಗಿ ನಿಂತ ಹಾಗೆ.

ಅದೇ ತಾಲ್ಲೂಕಿನ ಸಂತೇಬೆನ್ನೂರು ಹೆಸರಿನಲ್ಲೇ ಸಂತೆ ಹೊತ್ತಿದೆ. ಪುಷ್ಕರಣಿ ನೋಡಲು ಹೋದವರು ಅದರೆದುರಿನ ಮುಸಾಫಿರ್ ಖಾನಾದ ಕಡೆಗೂ ನಾಲ್ಕು ಹೆಜ್ಜೆ ಹಾಕಬೇಕು. ದಾರಿಹೋಕರ ತಂಗುದಾಣ ಅಂತ ಅದರ ಅರ್ಥ. ‘ಮುಸಾಫಿರ್’ ಕೂಡ ಅರಬ್ಬಿಯ ಮಾತೇ.

ಜಗಳೂರಿನ ಕಡೆ ಕುರಿ, ಕಂಬಳಿ. ಕೈಮಗ್ಗದ ಕರಿಕಂಬಳಿಗೆ ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ. ಹೊಸದು ಸೆಟೆದು ನಿಲ್ಲುತ್ತದೆ, ಮೈಗೆ ಚುಚ್ಚುತ್ತದೆ. ಮೆತ್ತಗಿದೆ ಅಂತ ಮರುಳಾಗಿ ಗಿರಣಿಯ ಕಂಬಳಿ ಕೊಂಡವರು ಎಷ್ಟೋ ಜನ. ಅಂಥವು ಹೆಚ್ಚಾಗಿ ಪಾಣಿಪತ್‌ನಿಂದ ಬರುತ್ತವೆ. ಬಲ್ಲವರು ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಾರೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿ. ಸಿಂಥೆಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮರಾಕೇಶ್‌ನಲ್ಲಿ ರತ್ನಗಂಬಳಿ ಕೊಳ್ಳುವವರಿಗೂ ಇದೇ ಪರೀಕ್ಷೆ. ಮಳೆಯಲ್ಲಿ ಕೊಪ್ಪೆಯಾಗುವ, ಮದುವೆಯಲ್ಲಿ ಗದ್ದಿಗೆಯಾಗುವ ಈ ಕಂಬಳಿಯನ್ನು ಜನ ‘ಚುಚ್ಚುತ್ತದೆ’ ಎಂದು ಬಿಟ್ಟುಹೋಗುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗಳ ಸಂತ ಸೇವಾಲಾಲರ ಹುಟ್ಟೂರೆಂದು ನಂಬಿಕೆ. ಫೆಬ್ರುವರಿಯ ಜಯಂತಿಗೆ ದೂರದೂರದ ತಾಂಡಾಗಳಿಂದ ಜನ ಬಂದಾಗ ಕಸೂತಿಯ ಪೇಟಿಯಾ ಲಂಗ, ಕಾಂಚಳಿ ರವಿಕೆಗಳ ಕನ್ನಡಿಗಳೆಲ್ಲ ಒಟ್ಟಿಗೆ ಹೊಳೆಯುತ್ತವೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ನಾಡಿನುದ್ದಕ್ಕೂ ಸಾಗಿಸಿದ ಸಮುದಾಯ ಇದು. ಲಂಬಾಣಿ ಕಸೂತಿ ಕೊಳ್ಳುವವರಿಗೆ ತಾಂಡಾದ ಅಜ್ಜಿಯೊಬ್ಬರ ಜೊತೆ ಸಿಕ್ಕರೆ ಅದೇ ಭಾಗ್ಯ. ಆಕೆ ಬಟ್ಟೆಯ ಮುಂಭಾಗ ನೋಡುವುದೇ ಇಲ್ಲ, ತಿರುವಿ ಹಾಕುತ್ತಾಳೆ. ಕೈಹೊಲಿಗೆಯ ಗಂಟು, ದಾರದ ತಿರುವು ಅಲ್ಲೇ ಕಾಣುವುದು. ಕನ್ನಡಿಯ ಸುತ್ತ ಉಗುರಾಡಿಸಿ, ಹೊಲಿದದ್ದೋ ಅಂಟಿಸಿದ್ದೋ ನೋಡುತ್ತಾಳೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆ ಪಟ್ಟಿ ಅಂಟಿಸಿದ್ದರೂ ಬಟ್ಟೆ ತಿರುವಿ ನೋಡುವ ಅಭ್ಯಾಸ ಬಿಡಬೇಕಾಗಿಲ್ಲ.

ತರಕಾರಿ ಸಂತೆಗೆ ಇಷ್ಟೆಲ್ಲ ಬೇಡ. ಬೋಣಿಯ ಹೊತ್ತಿಗೆ ಹೋದರೆ ಚೌಕಾಸಿ ಮಾಡಬೇಡಿ, ಮೊದಲ ಗಿರಾಕಿಯ ಕೈಗುಣವನ್ನು ಮಾರುವವಳು ದಿನವಿಡೀ ನೆನೆಯುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಹೋದರೆ ಗುಪ್ಪೆಯ ಬೆಲೆ ತಾನಾಗಿ ಇಳಿದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ತೂಕವಾದ ಮೇಲೆ ಅವಳು ಒಂದು ಹಿಡಿ ಕೊಸರು ಹಾಕುವುದು ಹೆಚ್ಚಾಗಿ ಮಗು ಹಿಡಿದ ಚೀಲಕ್ಕೆ.

ಆ ಎತ್ತಿನ ವ್ಯಾಪಾರ ಮುಗಿದು ಸಂಚಕಾರ ಕೊಟ್ಟ ಮೇಲೆ ದಲ್ಲಾಳಿ ಎರಡೂ ಕಡೆಯಿಂದ ತನ್ನದನ್ನು ಪಡೆದು ಹೋಗುತ್ತಿದ್ದ. ಹಿರಿಯರು ದೊಡ್ಡಪ್ಪನಿಂದ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಪೊಟ್ಟಣ ಮಂಡಕ್ಕಿ, ಎರಡು ಮಿರ್ಚಿ, ಅರ್ಧ ಲೋಟ ಚಹಾ. ಕುಡಿದು ಎದ್ದು, ಎತ್ತುಗಳನ್ನು ಮುಂದೆ ಬಿಟ್ಟು, ಊರು ಮುಟ್ಟುವ ತನಕ ಅವುಗಳ ನಡಿಗೆಯನ್ನೇ ನೋಡುತ್ತ ಹಿಂದೆ ನಡೆಯುತ್ತಿದ್ದರು.