ಉಗ್ರಾಣವಿಲ್ಲದ ಕಾರ್ಖಾನೆ

೧೯೯೭ನೆಯ ಇಸವಿ ಫೆಬ್ರವರಿ ೧ರ ಬೆಳಗಿನ ಜಾವ ಜಪಾನಿನ ಕರಿಯಾ ಪಟ್ಟಣದ ಐಸಿನ್ ಸೇಕಿ ಕಾರ್ಖಾನೆಗೆ ಬೆಂಕಿ ಬಿದ್ದಿತು. ಅಲ್ಲಿ ತಯಾರಾಗುತ್ತಿದ್ದುದು ಮೋಟಾರಿನ ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕಿನ ಒತ್ತಡವನ್ನು ಹತೋಟಿಯಲ್ಲಿಡುವ ಪುಟ್ಟ ಕವಾಟ; ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಟೊಯೋಟಾ ಕಾರುಗಳಿಗೆ ಬೇಕಾದ ಇಂಥ ಕವಾಟಗಳು ಹೆಚ್ಚುಕಡಿಮೆ ಎಲ್ಲವೂ ಈ ಒಂದೇ ಕಡೆಯಿಂದ ಬರುತ್ತಿದ್ದುವು.

ಟೊಯೋಟಾದವರ ಮತದಲ್ಲಿ ದಾಸ್ತಾನೆಂದರೆ ಅಪವ್ಯಯ. ಬೇಕಾದ ವಸ್ತು ಬೇಕಾದ ಗಳಿಗೆಗೆ, ಬೇಕಾದಷ್ಟೇ ಬರಬೇಕು. ತಿಂಗಳ ದಿನಸಿಯನ್ನು ಒಮ್ಮೆಗೇ ತುಂಬಿಡುವ ನಮ್ಮ ಗೃಹಿಣಿಯರು ಇದನ್ನು ಒಪ್ಪಲಾರರೇನೋ! ಕೈಯಲ್ಲಿದ್ದ ಕವಾಟಗಳು ಬಹುಬೇಗ ಮುಗಿದು, ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ಬಹುಮಟ್ಟಿಗೆ ಸ್ತಬ್ಧವಾದುವು.

ಮುಂದಿನದೇ ಸೋಜಿಗ. ಐಸಿನ್ ಸಂಸ್ಥೆ ತನ್ನ ನಕ್ಷೆಗಳನ್ನು ಇತರರ ಕೈಗಿತ್ತಿತು. ಕವಾಟವನ್ನೆಂದೂ ಮಾಡಿ ಅರಿಯದ ಹತ್ತಾರು ಸಂಸ್ಥೆಗಳು ಬೆಲೆಯ ಚೌಕಾಸಿಗೂ ನಿಲ್ಲದೆ ಕೆಲಸಕ್ಕೆ ಕೈಹಾಕಿದುವು. ಹೊಲಿಗೆಯಂತ್ರಕ್ಕೆ ಹೆಸರಾದ ಬ್ರದರ್ ಕೂಡ! ವಾರ ತುಂಬುವ ವೇಳೆಗೆ ಹೆಚ್ಚಿನ ಕಾರ್ಖಾನೆಗಳು ಮತ್ತೆ ತಿರುಗಲಾರಂಭಿಸಿದುವು.

ಆದರೂ ೨೦೧೧ರ ಭೂಕಂಪದ ತರುವಾಯ ಟೊಯೋಟಾ ತನ್ನ ಹಟವನ್ನು ಸಡಿಲಿಸಿತು. ನೆರೆಯವರು ತಟ್ಟನೆ ಮಾಡಿಕೊಡಲಾಗದ ಚಿಪ್ಪುಗಳನ್ನಾದರೂ ತಿಂಗಳುಗಟ್ಟಲೆ ಕೂಡಿಡಿರೆಂದು ಪೂರೈಕೆದಾರರಿಗೆ ತಿಳಿಸಿತು. ೨೦೨೧ರ ಆರಂಭದಲ್ಲಿ ಚಿಪ್ಪುಗಳಿಲ್ಲದೆ ಇತರರು ಕಾರ್ಖಾನೆಗಳನ್ನು ನಿಲ್ಲಿಸಿದಾಗ ಆ ದಾಸ್ತಾನು ಕೆಲವು ತಿಂಗಳ ಮಟ್ಟಿಗೆ ಟೊಯೋಟಾದ ಕೈಹಿಡಿಯಿತು.