ಕೆಲಸಕ್ಕಿಂತ ಮೊದಲು ಹೋದ ನೆಮ್ಮದಿ

2025ರ ಜುಲೈ ಕೊನೆಯಲ್ಲಿ ಐಟಿ ಕಂಪನಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಏಟು ಬೀಳುವುದು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂದೂ ತಿಳಿಸಿತು. ಇದಕ್ಕೆ ಎಐ ಕಾರಣವಲ್ಲ, ಕೆಲಸಕ್ಕೆ ಕೌಶಲ ಹೊಂದಿಕೆಯಾಗದಿರುವುದು ಕಾರಣ ಎಂದರು ಸಿಇಒ ಕೃತಿವಾಸನ್. ಅದನ್ನು ಪೂರ್ತಿ ನಂಬಿದ ಟೆಕಿಗಳನ್ನು ಬೆಂಗಳೂರಿನಲ್ಲಿ ನಾನಂತೂ ಕಂಡಿಲ್ಲ. ಅದರ ಹಿಂದಿನ ತಿಂಗಳಷ್ಟೇ, ವರ್ಷಕ್ಕೆ 225 ದಿನ ಗ್ರಾಹಕರಿಗೆ ಬಿಲ್ ಹಾಕಬಹುದಾದ ಕೆಲಸದಲ್ಲಿರಬೇಕು, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿ ಕೂರುವುದು 35 ದಿನ ದಾಟಬಾರದು ಎಂಬ ನಿಯಮವೂ ಆ ಕಂಪನಿಯಲ್ಲಿ ಬಂದಿತ್ತು.

ಕೆಲಸ ಕಳೆದುಕೊಂಡವರ ಲೆಕ್ಕ ಸಿಗುತ್ತದೆ. ಉಳಿದುಕೊಂಡು ದಿನವೂ ಹೆದರುವವರ ಲೆಕ್ಕ ಯಾರ ಬಳಿಯೂ ಇಲ್ಲ.

ನನಗೆ ಗೊತ್ತಿರುವ ಪ್ರೊಡಕ್ಷನ್ ಸಪೋರ್ಟ್ ಲೀಡ್ ಒಬ್ಬರಿದ್ದಾರೆ. ಬ್ಯಾಂಕೊಂದರ ಹಳೆಯ ಅಪ್ಲಿಕೇಶನ್ ಅವರ ಪಾಲಿನದು. ತಿಂಗಳ ಕೊನೆಯ ರಾತ್ರಿ ಬ್ಯಾಚ್ ಜಾಬ್ ನಿಂತರೆ ಯಾವ ಟೇಬಲ್ ನೋಡಬೇಕು, ಯಾವ ಫ್ಲ್ಯಾಗ್ ಬದಲಿಸಿ ಮತ್ತೆ ಓಡಿಸಬೇಕು ಎಂಬುದೆಲ್ಲ ಅವರಿಗೆ ಕರತಲಾಮಲಕ. ಗೊತ್ತಿರುವುದನ್ನೆಲ್ಲ ಡಾಕ್ಯುಮೆಂಟ್ ಮಾಡಿ, ಚಾಟ್‌ಬಾಟ್‌ಗೆ ಹಾಕುತ್ತೇವೆ ಎಂದು ಮೇಲಿನಿಂದ ಮೇಲ್ ಬಂತು. ಪುಟಗಟ್ಟಲೆ ಬರೆದುಕೊಟ್ಟರು, ಫ್ಲ್ಯಾಗ್‌ನ ವಿಷಯ ಮಾತ್ರ ಬಿಟ್ಟರು. ‘ಅದನ್ನೂ ಕೊಟ್ಬಿಟ್ರೆ ನನ್ನನ್ಯಾಕೆ ಇಟ್ಕೋತಾರೆ ಸಾರ್? ಮನೆ ಲೋನ್ ಇನ್ನೂ ಹನ್ನೊಂದು ವರ್ಷ ಇದೆ’ ಎಂದರು. ಪಕ್ಕದಲ್ಲಿ ಕೂರುವ ಫ್ರೆಶರ್ ಹುಡುಗಿಗೂ ಅದನ್ನು ಹೇಳಿಕೊಟ್ಟಿಲ್ಲ. ಕೆಟ್ಟ ಮನುಷ್ಯರೇನಲ್ಲ, ಮೊದಲೆಲ್ಲ ಕರೆದು ಕೂರಿಸಿಕೊಂಡು ಕಲಿಸುತ್ತಿದ್ದವರೇ.

ಆ ಹುಡುಗಿಯ ವಯಸ್ಸಿನವರ ಪಾಡು ಇನ್ನೂ ಕಷ್ಟ. ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿದ ಸ್ಟ್ಯಾನ್‌ಫರ್ಡ್ ಸಂಶೋಧಕರು, ಎಐ ಹೆಚ್ಚು ತಟ್ಟುವ ವೃತ್ತಿಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿದೆ ಎಂದು 2025ರಲ್ಲಿ ಹೇಳಿದರು. ಕಲಿಸುವವರು ಹೆದರಿ ಬಾಯಿ ಮುಚ್ಚಿಕೊಂಡರೆ, ಒಳಗೆ ಬಂದ ಕೆಲವರಾದರೂ ಕಲಿಯುವುದು ಯಾರಿಂದ?

ಇನ್ನೊಂದು ನಾಟಕವೂ ನಡೆಯುತ್ತಿದೆ. ಎಐ ಬಳಸದಿದ್ದರೆ ಅಪ್ರೈಸಲ್‌ನಲ್ಲಿ ‘ಹಳಬ’ ಎಂಬ ಹಣೆಪಟ್ಟಿ. ಬಳಸಿ ಬೇಗ ಮುಗಿಸಿದರೆ ಇಷ್ಟು ಜನ ಯಾಕೆ ಎಂಬ ಪ್ರಶ್ನೆ. ಹಾಗಾಗಿ ಉಪಯೋಗವಾಗಲಿ ಬಿಡಲಿ, ಬಳಸಿದೆವೆಂದು ತೋರಿಸಿಕೊಳ್ಳುವುದೇ ಒಂದು ಕೆಲಸ. ಎಂಇಟಿಆರ್ ಎಂಬ ಸಂಸ್ಥೆ 2025ರಲ್ಲಿ 16 ಅನುಭವಿ ಡೆವಲಪರ್‌ಗಳನ್ನು ಪರೀಕ್ಷಿಸಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು; ಅವರಾದರೋ ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು!

ಉದ್ಯೋಗದ ಅಭದ್ರತೆಯ ಬಗ್ಗೆ 1984ರಲ್ಲೇ ಬರೆದ ಗ್ರೀನ್‌ಹಾಲ್ಗ್ ಮತ್ತು ರೋಸೆನ್‌ಬ್ಲಾಟ್, ಕೆಲಸಕ್ಕೆ ಕುತ್ತು ಬಂದಾಗ ತನ್ನ ಕೈಯಲ್ಲಿ ಏನೂ ಇಲ್ಲವೆಂಬ ಅಸಹಾಯಕತೆಯೇ ಅದರ ತಿರುಳು ಎಂದಿದ್ದರು. ನನಗೂ ಹಾಗೇ ಅನ್ನಿಸುತ್ತದೆ: ನಮ್ಮ ಟೆಕಿಗಳು ಹೆದರಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಎಚ್‌ಆರ್ ಕರೆಗೆ. ಮೀಟಿಂಗ್ ರೂಮಿಗೆ ಕರೆದು, ರಾಜೀನಾಮೆ ಕೊಟ್ಟರೆ ಮರ್ಯಾದೆ ಎಂದುಬಿಟ್ಟರೆ ಯಾವ ನಿಯಮ ತೋರಿಸುವುದು? ನೌಕರಿಯ ಷರತ್ತುಗಳನ್ನು ಬರೆದಿಡಬೇಕೆಂದಿದ್ದ ಸ್ಥಾಯಿ ಆದೇಶ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ, ನೌಕರರ ಸಂಘಟನೆ ಕಿಟು ವಿರೋಧಿಸಿದರೂ, ಇನ್ನೂ 5 ವರ್ಷಕ್ಕೆ ವಿಸ್ತರಿಸಿತು. ಕಂಪನಿಗಳು ಈಗ ಎಐ ತರಬೇತಿಯನ್ನು ಕಡ್ಡಾಯ ಮಾಡಿ ಮೇಲ್ ಕಳಿಸುತ್ತವೆ. ತರಬೇತಿ ಮುಗಿಸಿದವರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂಬ ಸಾಲು ನಾನು ನೋಡಿದ ಯಾವ ಮೇಲ್‌ನಲ್ಲೂ ಇರಲಿಲ್ಲ.